ಬೆಂಕಿಯಲ್ಲಿ ಬೆಂದ ಚಿತ್ರ

ಗೋವೆಯ ಪಣಜಿಯಲ್ಲಿ ಮೆನೇಜಿಸ್ ಬ್ರಗಾಂಜಾ ಸಂಸ್ಥೆಯೆಂಬ ಹಳೆಯ ಸಾಂಸ್ಕೃತಿಕ ಭವನವೊಂದುಂಟು. ಅದರ ಪ್ರವೇಶಮಂಟಪವನ್ನು ಹೊಕ್ಕೊಡನೆಯೇ ಹಡಗುಗಳೂ ಸಮುದ್ರವೂ ನಾವಿಕರೂ ರಾಜಪುರುಷರೂ ಗೋಡೆಗಳ ಮೇಲೆ ಹರಡಿಕೊಂಡಿರುವ, ನೀಲಿಯೇ ಪ್ರಧಾನವಾದ ವಿಶಾಲ ಚಿತ್ರಮಾಲೆಯು ನಮ್ಮನ್ನು ಎದುರುಗೊಳ್ಳುತ್ತದೆ. ಪೋರ್ಚುಗಲ್ಲಿನ ಮಹಾಕವಿ ಕಮೋಯಿಶ್ ರಚಿಸಿದ ‘ಲುಸಿಯಾದಸ್’ ಎಂಬ ಕಾವ್ಯದ ಪ್ರಸಂಗಗಳವು. ಬರೆದವರು ಜಾರ್ಜ್ ಕೊಲಾಸೊ ಎಂಬ ಕಲಾವಿದರು. ಅಲ್ಲಿ ಅವು ನೆಲೆಗೊಂಡದ್ದು 1935ರಲ್ಲಿ. ದೂರದಿಂದ ನೋಡುವವರಿಗೆ ಅಖಂಡವೆಂದು ತೋರುವ ಆ ಚಿತ್ರವು ಹತ್ತಿರಕ್ಕೆ ಹೋದಂತೆಲ್ಲ ಅಂಗೈಯಗಲದ ಚೌಕನೆಯ ಟೈಲುಗಳ ಜೋಡಣೆಯೆಂಬುದೂ, ಒಂದು ಟೈಲಿನ ಅಂಚಿಗೆ ಬಂದು ನಿಂತ ಹಗ್ಗವು ಪಕ್ಕದ ಟೈಲಿನಲ್ಲಿ ಕೂದಲೆಳೆಯಷ್ಟೂ ತಪ್ಪದೆ ಮುಂದುವರಿಯುತ್ತದೆಂಬುದೂ ಅರಿವಾಗುತ್ತದೆ. ಕಡಲ ಉಪ್ಪುಗಾಳಿಯೂ ಮುಂಗಾರಿನ ತೇವವೂ ವರ್ಷವರ್ಷವೂ ಗೋಡೆಗಳನ್ನು ಪರೀಕ್ಷಿಸುವ ಆ ಊರಿನಲ್ಲಿ ಸಾಧಾರಣವಾದ ಸುಣ್ಣಬಣ್ಣದ ಚಿತ್ರವಾಗಿದ್ದರೆ ಇಷ್ಟರೊಳಗೆ ಎಷ್ಟು ಸಲ ಹಕ್ಕಳೆಯೆದ್ದು ಉದುರಿಹೋಗುತ್ತಿತ್ತೋ ಹೇಳಲಾರೆವು. ಈ ಬಣ್ಣವು ಒಮ್ಮೆ ಬೆಂಕಿಯನ್ನು ಹೊಕ್ಕು ಹೊರಬಂದದ್ದಾದ್ದರಿಂದ ನೀರು ಬಿಸಿಲುಗಳ ಭಯ ಅದಕ್ಕೆ ಅಷ್ಟಾಗಿ ಉಳಿದಿಲ್ಲ.

ಇಂತಹ ಚಿತ್ರಗಳು ಅರಮನೆಗೋ ಸಭಾಭವನಕ್ಕೋ ಮಾತ್ರ ಸಲ್ಲತಕ್ಕವೆಂದು ಭಾವಿಸಬೇಕಾಗಿಲ್ಲ. ಅದೇ ಪಣಜಿಯ ಫೊಂಟೇನ್ಹಾಸ್ ಎಂಬ ಹಳೆಯ ಕೇರಿಯಲ್ಲಿ ಸುತ್ತಾಡಿದರೆ, ಬಣ್ಣಬಣ್ಣದ ಪುಟ್ಟ ಮನೆಗಳ ಬಾಗಿಲ ಪಕ್ಕದಲ್ಲಿ ಮನೆಯ ಹೆಸರನ್ನೂ ಸಂಖ್ಯೆಯನ್ನೂ ಬರೆದು ಸುತ್ತ ಒಂದು ಬಳ್ಳಿಯನ್ನು ಹಬ್ಬಿಸಿದ ಟೈಲುಗಳು ಕಾಣಸಿಗುತ್ತವೆ. ಕೇರಿಯ ಹೆಸರು ಕೂಡ ಟೈಲಿನ ಮೇಲೆಯೇ ಇರುತ್ತದೆ. ಗೋವೆಯ ಜನಜೀವನವನ್ನು ಅಷ್ಟು ಅಕ್ಕರೆಯಿಂದ ರೇಖೆಗಳಲ್ಲಿ ಹಿಡಿದ ಮಾರಿಯೊ ಮಿರಾಂಡ ಅವರ ಚಿತ್ರಗಳೂ ಟೈಲಿಗಿಳಿದು ಆ ನಾಡಿನ ಎಷ್ಟೋ ಗೋಡೆಗಳನ್ನು ಅಲಂಕರಿಸಿವೆ. ಗೃಹಸ್ಥನೊಬ್ಬನು ತನ್ನ ಮನೆಗೆಂದೇ, ತನ್ನ ಗೋಡೆಯ ಅಳತೆಗೇ, ತನಗೆ ಪ್ರಿಯವಾದ ವಸ್ತುವನ್ನೇ ಹೀಗೆ ಕೈಯಿಂದ ಬರೆಸಿಕೊಳ್ಳುವುದರ ವಿಚಾರವಾಗಿ ಕೆಲವು ಮಾತುಗಳನ್ನು ತಮ್ಮ ಮುಂದಿಡಬೇಕೆಂಬುದು ಇಂದಿನ ನನ್ನ ಉದ್ದೇಶ.

ಈ ಕಲೆಯ ವಂಶಾವಳಿ ದೀರ್ಘವಾದದ್ದು. ಅದನ್ನು ಸಮಗ್ರವಾಗಿ ಹೇಳಲು ಇಲ್ಲಿ ಅವಕಾಶ ಸಾಲದು. ಅರಬರ ಮೂಲಕ ಸ್ಪೇನ್ ದೇಶಕ್ಕೆ ಬಂದ ಮೆರುಗು ಟೈಲಿನ ವಿದ್ಯೆಯಲ್ಲಿ, ಬಣ್ಣಗಳು ಬೆಂಕಿಯಲ್ಲಿ ಕರಗಿ ಒಂದರೊಳಗೊಂದು ಹರಿಯದಂತೆ ನಡುವೆ ಜಿಡ್ಡು ಬೆರೆಸಿದ ಕಪ್ಪುಗೆರೆಯನ್ನು ಎಳೆಯುವುದು, ಇಲ್ಲವೆ ಹಸಿಮಣ್ಣಿನಲ್ಲಿಯೇ ಏರುಗೆರೆಗಳನ್ನು ಒತ್ತುವುದು ವಾಡಿಕೆಯಾಗಿತ್ತು. ನಕ್ಷತ್ರ, ಚೌಕ, ಬಳ್ಳಿಗಳ ಚಿತ್ತಾರಕ್ಕೆ ಅದು ಸೊಗಸಾಗಿ ಒಪ್ಪುತ್ತಿತ್ತೇ ಹೊರತು ಮನುಷ್ಯನ ಮುಖವನ್ನೋ ಆಕಾಶದ ಮೋಡವನ್ನೋ ಬರೆಯುವ ಸ್ವಾತಂತ್ರ್ಯವನ್ನು ಕೊಡುತ್ತಿರಲಿಲ್ಲ. ಪೋರ್ಚುಗಲ್ಲಿನ ದೊರೆ ಒಂದನೆಯ ಮನುವೆಲ್ ಹದಿನಾರನೆಯ ಶತಮಾನದ ಆದಿಯಲ್ಲಿ ಸಿಂತ್ರಾದ ತನ್ನ ಅರಮನೆಗಾಗಿ ಸೆವಿಲ್ಲೆ ನಗರದಿಂದ ತರಿಸಿಕೊಂಡದ್ದು ಇಂತಹವನ್ನೇ. ಆ ಸುಮಾರಿನಲ್ಲಿಯೇ ಇಟಲಿಯಿಂದ ಸೆವಿಲ್ಲೆಗೆ ಬಂದು ನೆಲಸಿದ ಫ್ರಾನ್ಸಿಸ್ಕೊ ನಿಕುಲೋಸೊ ಎಂಬ ಕುಶಲಿಯು, ತವರದ ಭಸ್ಮವನ್ನು ಬೆರೆಸಿ ಅಚ್ಚಬಿಳುಪು ಮಾಡಿದ ಮೆರುಗಿನ ಮೇಲೆ ನೇರವಾಗಿ ಕುಂಚದಿಂದ ಬರೆಯುವ ತನ್ನ ದೇಶದ ಕ್ರಮವನ್ನು ಅಲ್ಲಿ ಬಳಕೆಗೆ ತಂದನು. ಆ ಊರಿನ ಅರಮನೆಯ ಪ್ರಾರ್ಥನಾಗೃಹದಲ್ಲಿ 1504ರಲ್ಲಿ ಅವನು ಬರೆದ ವೇದಿಕಾಚಿತ್ರವು ಇಂದಿಗೂ ಇದೆ. ಅಲ್ಲಿಂದ ಮುಂದೆ ಟೈಲಿನ ಮೇಲೆ ಏನನ್ನು ಬೇಕಾದರೂ ಬರೆಯಬಹುದೆಂಬುದು ಸಿದ್ಧವಾಯಿತು.

ಆದರೆ ರಾಜರ ಕಥೆಗಿಂತ ಮನೆಗಳ ಕಥೆ ನನಗೆ ಹೃದ್ಯವಾಗಿ ತೋರುತ್ತದೆ. ಹದಿನೆಂಟನೆಯ ಶತಮಾನದ ಪೋರ್ಚುಗೀಸ್ ಮಹಲುಗಳಲ್ಲಿ ಮೆಟ್ಟಿಲ ತಿರುವಿನಲ್ಲಿಯೂ ಬಾಗಿಲ ಇಕ್ಕೆಲದಲ್ಲಿಯೂ ಆಳೆತ್ತರದ ಪರಿಚಾರಕರನ್ನೋ ಭಟರನ್ನೋ ಕುಲೀನ ಸ್ತ್ರೀಯರನ್ನೋ ಟೈಲುಗಳಲ್ಲಿ ಬರೆದು, ಆಕೃತಿಯ ಹೊರಗೆರೆಗೆ ಸರಿಯಾಗಿ ಕತ್ತರಿಸಿ ನಿಲ್ಲಿಸುತ್ತಿದ್ದರು. ಕೈಚಾಚಿ, ತಲೆಬಾಗಿ, ಬಂದ ಅತಿಥಿಯನ್ನು ಒಳಕ್ಕೆ ಬರಮಾಡಿಕೊಳ್ಳುವುದೇ ಅವರ ನಿತ್ಯದ ಕಾಯಕ. ಸಾಮಾನ್ಯರ ಮನೆಗಳಲ್ಲಿ ಇಷ್ಟು ವೈಭವಕ್ಕೆ ಎಡೆಯಿರಲಿಲ್ಲ. ಆದರೆ 1755ರ ನವೆಂಬರ್ 1ರಂದು ಭೂಕಂಪವೂ ಕಡಲಿನ ಉಕ್ಕೂ ಬೆಂಕಿಯೂ ಒಂದಾಗಿ ಲಿಸ್ಬನ್ ನಗರವನ್ನು ಹಾಳುಗೆಡವಿದ ಮೇಲೆ, ಮತ್ತೆ ಎದ್ದ ಮನೆಗಳ ಮುಂಗೋಡೆಯ ಮೇಲೆ, ಭೂಕಂಪದಿಂದಲೂ ಅಗ್ನಿಯಿಂದಲೂ ಕಾಪಾಡಬೇಕೆಂದು ಪ್ರಾರ್ಥಿಸಿ ಸಂತರ ಚಿಕ್ಕ ಚಿಕ್ಕ ಟೈಲುಚಿತ್ರಗಳನ್ನು ಕೂರಿಸುವ ಪದ್ಧತಿ ಬಲವಾಯಿತು. ತಲೆಬಾಗಿಲ ಮೇಲೆ ಗಣಪತಿಯನ್ನು ಕೂರಿಸಿಕೊಂಡು ಬಂದ ನಮಗೆ ಆ ಭಾವವನ್ನು ಯಾರೂ ವಿವರಿಸಬೇಕಾಗಿಲ್ಲ.

ಆ ಭೂಕಂಪಕ್ಕೆ ಅರ್ಧ ಶತಮಾನ ಮುಂಚೆ, ಸುಮಾರು 1700ರಲ್ಲಿ, ಲಿಸ್ಬನ್ನಿನ ಒಂದು ಶ್ರೀಮಂತ ಮನೆತನದ ಮಹಲಿಗೆಂದು ಊರಿನ ನೋಟವನ್ನೇ ಟೈಲುಗಳ ಮೇಲೆ ಬರೆಸಿದ್ದರು. ಸುಮಾರು 23 ಮೀಟರ್ ಉದ್ದದ ಆ ಚಿತ್ರದಲ್ಲಿ ನದೀತೀರದ ಉದ್ದಕ್ಕೂ ನಿಂತ ಅರಮನೆ, ಚರ್ಚುಗಳು, ಮಠಗಳು, ಮನೆಗಳ ಸಾಲು, ದಂಡೆಯ ದೋಣಿಗಳು ಎಲ್ಲವೂ ಇವೆ. ಗೇಬ್ರಿಯಲ್ ದೆಲ್ ಬಾರ್ಕೊ ಎಂಬ ಚಿತ್ರಕಾರನ ಕೈಯದೆಂದು ಬಲ್ಲವರು ಹೇಳುತ್ತಾರೆ. ಬರೆಸಿದವರಿಗೆ ತಮ್ಮ ಊರನ್ನು ಗೋಡೆಯ ಮೇಲೆ ಕಾಣುವ ಸಂತೋಷವೊಂದೇ ಬೇಕಾಗಿದ್ದಿರಬಹುದು. ಅದರಲ್ಲಿ ತೋರಿಸಿದ ಕಟ್ಟಡಗಳಲ್ಲಿ ಅನೇಕವು ಭೂಕಂಪದಲ್ಲಿ ನಾಶವಾದವು, ಚಿತ್ರ ಉಳಿಯಿತು. ಇಂದು ಅದು ಆ ನಗರದ ರಾಷ್ಟ್ರೀಯ ಟೈಲು ಸಂಗ್ರಹಾಲಯದಲ್ಲಿದ್ದು, ಹಳೆಯ ಲಿಸ್ಬನ್ ಹೇಗಿತ್ತೆಂದು ತಿಳಿಯಬೇಕಾದ ಚರಿತ್ರಕಾರರಿಗೂ ಆಧಾರವಾಗಿದೆ. ಮನೆಯೊಂದರ ಗೋಡೆಗೆಂದು ಬರೆಸಿದ್ದು ಊರಿನ ನೆನಪಾಗಿ ಪರಿಣಮಿಸಿತು.

ಇನ್ನು ನಮ್ಮ ನಾಡಿನ ಮಾತು. ಬಹಮನೀ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಮುಖಭಾಗವನ್ನೂ ಅಳಿದುಳಿದ ಮಿನಾರನ್ನೂ ಕಂಡವರು ಅಲ್ಲಿ ಇನ್ನೂ ಹತ್ತಿಕೊಂಡಿರುವ ನೀಲಿ, ಹಳದಿ, ಬಿಳಿಯ ಮೆರುಗು ಟೈಲುಗಳನ್ನು ಮರೆಯಲಾರರು. ಅದೇ ಊರಿನ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಟೈಲಿನ ಚಿತ್ತಾರವೂ ಮುತ್ತಿನ ಚಿಪ್ಪಿನ ಕುಸುರಿಯೂ ಎದುರುಬದುರಾಗಿ ನಿಂತಿವೆ. ಕರಾವಳಿಗೆ ಬಂದರೆ, 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ಜೇಡಿಮಣ್ಣನ್ನು ಹದಮಾಡಿ, ಅಚ್ಚಿಗೊತ್ತಿ, ಸಮನಾಗಿ ಬೇಯಿಸುವ ವಿದ್ಯೆ ನಮ್ಮವರ ಕೈವಶವಾಗಿ, ಮಂಗಳೂರು ಹೆಂಚು ದೇಶಾಂತರಗಳಿಗೂ ಹೋಯಿತು. ಮಲೆನಾಡಿಗೆ ಹೋದರೆ, ದೀವರು ಎಂಬ ಸಮುದಾಯದವರ ಮನೆಗಳಲ್ಲಿ ಮದುವೆಯ ಕಾಲಕ್ಕೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹೆಂಗಸರು ಹಸೆ ಚಿತ್ತಾರವನ್ನು ಬರೆಯುತ್ತಾರೆ. ಅಳತೆಗೋಲಿಲ್ಲದೆ ಎಳೆಯುವ ಆ ಸಮಾನಾಂತರ ರೇಖೆಗಳ ನಿಖರತೆಯನ್ನು ನೋಡಿ ಬೆರಗಾಗದವರಿಲ್ಲ. ಮಣ್ಣನ್ನು ಬೇಯಿಸಬಲ್ಲವರು ನಮ್ಮಲ್ಲಿದ್ದಾರೆ, ಗೋಡೆಯ ಮೇಲೆ ಬರೆಯಬಲ್ಲವರೂ ಇದ್ದಾರೆ. ಇಬ್ಬರೂ ಒಂದೇ ಗೋಡೆಯ ಮುಂದೆ ಕಲೆತದ್ದು ಮಾತ್ರ ಬಹಳ ಅಪೂರ್ವ. ಅವರನ್ನು ಕೂಡಿಸುವ ಶಕ್ತಿ ಸರಕಾರಕ್ಕಿಂತಲೂ ಸಂಸ್ಥೆಗಳಿಗಿಂತಲೂ ಹೆಚ್ಚಾಗಿ ಮನೆ ಕಟ್ಟಿಸುವ ಗೃಹಸ್ಥನಿಗಿದೆ ಎಂಬುದು ನನ್ನ ದೃಢವಾದ ನಂಬಿಕೆ.

ಕಳೆದ ಶತಮಾನದ ಇಪ್ಪತ್ತು ಮೂವತ್ತರ ದಶಕಗಳಲ್ಲಿ ಜಪಾನಿನಿಂದ ಉಬ್ಬುಚಿತ್ರದ ಮೆರುಗು ಟೈಲುಗಳು ಭಾರತಕ್ಕೆ ಬರುತ್ತಿದ್ದವು. ಲಕ್ಷ್ಮಿ, ಸರಸ್ವತಿ, ಕೃಷ್ಣರ ಮೂರ್ತಿಗಳನ್ನು ಕೂಡ ಆ ದೇಶದ ಕಾರ್ಖಾನೆಗಳು ನಮಗಾಗಿಯೇ ಅಚ್ಚುಮಾಡಿ ಕಳುಹಿಸುತ್ತಿದ್ದವು. ಅವುಗಳ ಬಣ್ಣದ ಹೊಳಪು ಇಂದಿಗೂ ಕುಂದಿಲ್ಲ, ಅವು ಚೆಲುವಾಗಿಯೂ ಇವೆ. ಆದರೆ ಒಂದೇ ಅಚ್ಚಿನ ಲಕ್ಷ್ಮಿ ಸಾವಿರ ಮನೆಗಳಿಗೆ ಹೋದಳು. ಇಂದು ಯಂತ್ರಗಳು ಯಾವ ಛಾಯಾಚಿತ್ರವನ್ನಾದರೂ ಟೈಲಿನ ಮೇಲೆ ಕ್ಷಣಾರ್ಧದಲ್ಲಿ ಅಚ್ಚೊತ್ತಿಕೊಡುತ್ತವೆ, ಹಿಮಪರ್ವತವೂ ಜಲಪಾತವೂ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುತ್ತವೆ. ಕೈಯಿಂದ ಬರೆಸುವುದಕ್ಕೆ ಹಣವೂ ಕಾಲವೂ ಅಧಿಕವಾಗಿ ಬೇಕಾದ್ದರಿಂದ, ಅಂಗಡಿಯಲ್ಲಿ ಸಿಗಲಾರದ ವಸ್ತುವನ್ನೇ ಬರೆಸಬೇಕು: ತಮ್ಮ ಊರಿನ ಕೆರೆಯ ಏರಿ, ಅಜ್ಜಿ ನೀರು ಸೇದುತ್ತಿದ್ದ ಬಾವಿಕಟ್ಟೆ, ಪಾಲಾಗಿ ಕೈಬಿಟ್ಟುಹೋದ ತೊಟ್ಟಿಮನೆ, ತೋಟದ ಅಡಿಕೆ ಮರಗಳ ಸಾಲು, ಹಿತ್ತಿಲಿಗೆ ಬರುವ ಹಕ್ಕಿಗಳು. ದೇವರ ಚಿತ್ರವಾದರೆ ಕಾಲು ತಾಗುವ ಎಡೆಯಲ್ಲಿಯೂ ಎಂಜಲು ನೀರು ಸಿಡಿಯುವ ಎಡೆಯಲ್ಲಿಯೂ ಬೇಡವೆಂಬುದನ್ನು ಹೇಳಬೇಕಾಗಿಲ್ಲವಷ್ಟೆ.

ಕೆಲಸದ ಆರಂಭ ಗೋಡೆಯಿಂದ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಚಿತ್ರವೆಂದಿಟ್ಟುಕೊಳ್ಳೋಣ. ಆರು ಅಂಗುಲದ ಟೈಲುಗಳಾದರೆ ಅಡ್ಡಕ್ಕೆ 12, ಮೇಲಕ್ಕೆ 8, ಒಟ್ಟು 96 ಬೇಕು. ಆದರೆ 12 ಟೈಲುಗಳ ನಡುವೆ 11 ಸಂದುಗಳಿರುತ್ತವೆ. ಒಂದೊಂದು ಸಂದಿಗೆ 2 ಮಿಲಿಮೀಟರ್ ಎಂದರೂ 22 ಮಿಲಿಮೀಟರ್, ಅಂದರೆ ಒಂದು ಅಂಗುಲಕ್ಕೆ ತುಸು ಕಡಿಮೆ, ಅಗಲ ಹೆಚ್ಚುತ್ತದೆ. ಇದನ್ನು ಮೊದಲೇ ಎಣಿಸದಿದ್ದರೆ ಕಡೆಯ ಸಾಲು ಬಾಗಿಲ ಚೌಕಟ್ಟಿಗೆ ಅಡ್ಡ ಬಂದು, ಬರೆದ ಚಿತ್ರವನ್ನು ಕತ್ತರಿಸಬೇಕಾದ ಪ್ರಸಂಗ ಒದಗುತ್ತದೆ. ವಿದ್ಯುತ್ತಿನ ಸ್ವಿಚ್ಚುಗಳು, ನಲ್ಲಿಗಳು, ಕಪಾಟಿನ ಅಂಚು ಎಲ್ಲಿ ಬರುತ್ತವೆಂಬುದು ಚಿತ್ರಕಾರನಿಗೆ ಮೊದಲೇ ತಿಳಿದಿರಬೇಕು. ಸಂದುಗಳ ಜಾಲವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅನುಭವಸ್ಥರು ಚಿತ್ರವನ್ನು ಕಲ್ಪಿಸುತ್ತಾರೆ: ಮುಖದ ಮೇಲೆ, ಅದರಲ್ಲಿಯೂ ಕಣ್ಣಿನ ಮೇಲೆ ಸಂದು ಹಾಯಬಾರದು, ಕ್ಷಿತಿಜದ ರೇಖೆಯು ಸಂದಿನ ರೇಖೆಯೊಡನೆ ಒಂದಾಗಿ ಮಾಯವಾಗಬಾರದು.

ಆಮೇಲೆ ಚಿತ್ರವನ್ನು ಕಾಗದದ ಮೇಲೆ ಪೂರ್ಣಪ್ರಮಾಣದಲ್ಲಿ ಬರೆದು, ರೇಖೆಗಳ ಉದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ರಂಧ್ರಗಳನ್ನು ಚುಚ್ಚುತ್ತಾರೆ. ಕಾಗದವನ್ನು ಟೈಲುಗಳ ಮೇಲೆ ಹಾಸಿ, ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿದ ಇದ್ದಲ ಪುಡಿಯ ಗಂಟನ್ನು ಅದರ ಮೇಲೆ ಮೆಲ್ಲಗೆ ತಟ್ಟಿದರೆ, ಕಾಗದವನ್ನೆತ್ತಿದ ಮೇಲೆ ಚುಕ್ಕೆಗಳ ಸಾಲಿನಲ್ಲಿ ಚಿತ್ರ ಮೂಡಿರುತ್ತದೆ. ಇದ್ದಲು ಬೆಂಕಿಯಲ್ಲಿ ಉರಿದುಹೋಗುವುದರಿಂದ ಅಳಿಸುವ ತೊಂದರೆಯಿಲ್ಲ. ಹಾಲೆಂಡಿನ ಡೆಲ್ಫ್ಟ್ ಟೈಲುಗಳನ್ನು ಬರೆಯುತ್ತಿದ್ದವರದ್ದೂ ಇದೇ ಉಪಾಯ. ಒಂದೇ ಕಾಗದದಿಂದ ನೂರು ಟೈಲುಗಳಿಗೆ ಚುಕ್ಕೆಯಿಟ್ಟರೂ ಕುಂಚ ಹಿಡಿದ ಕೈ ಪ್ರತಿಸಲವೂ ಹೊಸದಾಗಿ ಓಡಬೇಕಾದ್ದರಿಂದ ಎರಡು ಟೈಲುಗಳು ತದ್ವತ್ ಒಂದೇ ಆಗುತ್ತಿರಲಿಲ್ಲ.

ಕುಂಚದ ಕೆಲಸ ಅತ್ಯಂತ ಸೂಕ್ಷ್ಮವಾದದ್ದು. ಒಮ್ಮೆ ಬೆಂದ ಟೈಲಿನ ಮೇಲೆ ಬಿಳಿಯ ಮೆರುಗಿನ ದ್ರಾವಣವನ್ನು ಹೊಯ್ದು ಒಣಗಿಸಿದಾಗ ಅದರ ಮೈ ಹಿಟ್ಟುಹಿಟ್ಟಾಗಿ, ಬೆರಳು ತಾಗಿದರೂ ಕದಡುವಂತಿರುತ್ತದೆ. ಅದರ ಮೇಲೆ ಕುಂಚವನ್ನಿಟ್ಟ ಗಳಿಗೆಯಲ್ಲಿಯೇ, ಬೇಸಗೆಯ ಕಾದ ನೆಲಕ್ಕೆ ಬಿದ್ದ ಮೊದಲ ಹನಿಯಂತೆ, ಬಣ್ಣದ ನೀರು ಒಳಕ್ಕೆ ಇಂಗಿಹೋಗುತ್ತದೆ. ತಡೆದು ನಿಂತರೆ ಆ ಎಡೆಯಲ್ಲಿ ಕಲೆಯಾಗುತ್ತದೆ, ತಪ್ಪಿದರೆ ತಿದ್ದುವಂತಿಲ್ಲ. ಮೆರುಗನ್ನೆಲ್ಲ ತೊಳೆದು ಮತ್ತೆ ಹೊಯ್ಯಬೇಕು. ಉಸಿರು ಬಿಗಿಹಿಡಿದು, ಮಣಿಕಟ್ಟನ್ನು ಕೋಲಿನ ಮೇಲೆ ಊರಿ, ಎಲೆಯ ತೊಟ್ಟಿನಿಂದ ತುದಿಯವರೆಗೆ ಒಂದೇ ಎಳೆತದಲ್ಲಿ ಬರೆಯುವುದನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯದು. ಇಷ್ಟಾಗಿಯೂ ಚಿತ್ರಕಾರನ ಕಣ್ಣಿಗೆ ತಾನು ಬರೆಯುತ್ತಿರುವ ಬಣ್ಣ ಕಾಣುವುದಿಲ್ಲ. ಕೋಬಾಲ್ಟಿನ ಭಸ್ಮವು ಹಸಿಯಾಗಿದ್ದಾಗ ಕಪ್ಪು, ಬೆಂದ ಮೇಲೆ ನೀಲಿ. ತಾಮ್ರದ ಭಸ್ಮವೂ ಕಪ್ಪೇ, ಅದು ಹಸುರಾಗುತ್ತದೆ. ಮ್ಯಾಂಗನೀಸು ನೇರಳೆಗೂ ಕಂದಿಗೂ ತಿರುಗುತ್ತದೆ. ಬೆಂಗಳೂರಿನ ಒಂದು ಕಾರ್ಯಾಗಾರದಲ್ಲಿ ತಮ್ಮ ಹಳ್ಳಿಮನೆಯ ಚಿತ್ರವನ್ನು ಬರೆಸುತ್ತಿದ್ದ ತೀರ್ಥಹಳ್ಳಿಯ ಕಡೆಯ ವೃದ್ಧರೊಬ್ಬರು ಇದನ್ನು ಕಂಡು ಕಳವಳಗೊಂಡು, “ಇದೇನಮ್ಮ, ನೀಲಿ ಬರೀತೀನಿ ಅಂದಿದ್ರಿ, ಇದು ನೋಡಿದ್ರೆ ಬೂದಿ ಬಳಿದ ಹಾಗಿದೆಯಲ್ಲ?” ಎಂದು ಕೇಳಿದರು. ಚಿತ್ರಗಾರ್ತಿ ಕುಂಚವನ್ನು ಕೆಳಗಿಡದೆಯೇ, “ಬೆಂಕಿಗೆ ಹೋಗಿ ಬರಲಿ ಅಜ್ಜಾ, ಆಮೇಲೆ ನೀವೇ ಹೇಳುವಿರಂತೆ” ಎಂದಳು. ಅವಳ ಧ್ವನಿಯಲ್ಲಿ ಜಂಬವಿರಲಿಲ್ಲ. ಬೆಂಕಿಯ ಮೇಲೆ ಅವಳಿಗಿದ್ದ ವಿಶ್ವಾಸವಿತ್ತು.

ಟೈಲಿನ ಮೇಲೆ ಬರೆಯುವ ಕ್ರಮಗಳು ಒಂದೆರಡಲ್ಲ. ಬರೆಸುವವರು ಅವುಗಳ ಭೇದವನ್ನು ತಿಳಿದಿರುವುದು ಒಳ್ಳೆಯದು. ಈಗ ನಾನು ಹೇಳಿದ ಕ್ರಮದಲ್ಲಿ ಬಣ್ಣವೂ ಮೆರುಗೂ ಒಟ್ಟಿಗೆ ಕರಗಿ, ಬಣ್ಣವು ಗಾಜಿನೊಳಗೇ ಸೇರಿಹೋಗುತ್ತದೆ. ಇನ್ನೊಂದರಲ್ಲಿ ಬೆಂದ ಮಣ್ಣಿನ ಮೇಲೆಯೇ ಬರೆದು, ಮೇಲೆ ಪಾರದರ್ಶಕವಾದ ಮೆರುಗನ್ನು ಹೊದಿಸುತ್ತಾರೆ. ಬಾಳಿಕೆಗೆ ಇದು ಉತ್ತಮ. ಅಂಗಡಿಯಲ್ಲಿ ಕೊಂಡ ಬಿಳಿಯ ಟೈಲಿನ ಮೇಲೆಯೇ ಎಣ್ಣೆಯಲ್ಲಿ ಅರೆದ ಬಣ್ಣದಿಂದ ಬರೆದು ಸುಮಾರು 800 ಡಿಗ್ರಿ ಶಾಖದಲ್ಲಿ ಬೇಯಿಸುವುದು ಮೂರನೆಯದು. ಕೆಂಪು, ಗುಲಾಬಿ, ಹೊಂಬಣ್ಣಗಳು ಇದರಲ್ಲಿ ಸುಲಭವಾಗಿ ಒಲಿಯುತ್ತವೆ. ಆದರೆ ಬಣ್ಣವು ಮೇಲ್ಮೈಯಲ್ಲಿಯೇ ನಿಲ್ಲುವುದರಿಂದ, ಒಗ್ಗರಣೆಯ ಎಣ್ಣೆ ಸಿಡಿದು ದಿನವೂ ನಾರಿನಿಂದ ಉಜ್ಜಬೇಕಾದ, ಹುಣಿಸೆ ನಿಂಬೆಗಳ ಹುಳಿ ತಾಗುವ ಒಲೆಯ ಹಿಂದಿನ ಗೋಡೆಗೆ ಅದನ್ನು ಹಾಕಿಸುವುದು ವಿಹಿತವಲ್ಲ. ಹಜಾರಕ್ಕೂ ಜಗಲಿಗೂ ಧಾರಾಳವಾಗಿ ಹಾಕಿಸಬಹುದು. ಬೆಂಕಿಯನ್ನೇ ಕಾಣದ ಬಣ್ಣದಿಂದ ಟೈಲಿನ ಮೇಲೆ ಬರೆದು, ಮೇಲೆ ವಾರ್ನಿಷ್ ಬಳಿದು ಕೊಡುವವರೂ ಇದ್ದಾರೆ. ಹೊಸದರಲ್ಲಿ ಅದು ಬಹಳ ಶೋಭಿಸುತ್ತದೆ; ನೀರು ತಾಗುವ ಎಡೆಯಲ್ಲಿ ಬಹುಕಾಲ ನಿಲ್ಲುವುದಿಲ್ಲ. ಯಾವ ಶಾಖದಲ್ಲಿ ಬೇಯಿಸಿದಿರಿ ಎಂಬ ಒಂದು ಪ್ರಶ್ನೆಯನ್ನು ಕೇಳಲು ಕೊಳ್ಳುವವರು ಸಂಕೋಚಪಡಬಾರದು.

ಆವಿಗೆಯೊಳಗೆ ಶಾಖವನ್ನು ಮೆಲ್ಲಮೆಲ್ಲನೆ ಸುಮಾರು 1000 ಡಿಗ್ರಿಯವರೆಗೆ ಏರಿಸಿ, ಅದಕ್ಕಿಂತಲೂ ಮೆಲ್ಲನೆ ಇಳಿಸುತ್ತಾರೆ. ಆತುರಪಟ್ಟು ಬಾಗಿಲು ತೆರೆದರೆ ತಣ್ಣನೆಯ ಗಾಳಿ ತಾಗಿ ಟೈಲು ಸೀಳುತ್ತದೆ. ಆವಿಗೆಯ ಒಂದು ಮೂಲೆಗಿಂತ ಇನ್ನೊಂದು ಮೂಲೆ ತುಸು ಹೆಚ್ಚು ಕಾಯುವುದುಂಟಾದ್ದರಿಂದ ಒಂದೇ ಆಕಾಶದ ಎರಡು ಟೈಲುಗಳಲ್ಲಿ ನೀಲಿಯ ಛಾಯೆ ಕೊಂಚ ಬೇರೆಯಾಗಬಹುದು. ಇದನ್ನು ಕೆಲವರು ದೋಷವೆಂದು ಎಣಿಸುತ್ತಾರೆ. ನನ್ನ ಕಣ್ಣಿಗೆ ಅದೇ ಆ ಚಿತ್ರದ ಜೀವ. ಯಂತ್ರವು ಅಚ್ಚೊತ್ತಿದ ಆಕಾಶದಲ್ಲಿ ಆ ಕಂಪನವಿರುವುದಿಲ್ಲ.

ಬರೆಯುವ ಮೊದಲೇ ಒಂದೊಂದು ಟೈಲಿನ ಬೆನ್ನ ಮೇಲೂ ಸಾಲಿಗೊಂದು ಅಕ್ಷರ, ಸ್ಥಾನಕ್ಕೊಂದು ಅಂಕೆಯನ್ನು, ಬೆಂಕಿಗೆ ಅಳಿಸದ ಬಣ್ಣದಲ್ಲಿ ಬರೆದಿರುತ್ತಾರೆ. ಪೋರ್ಚುಗಲ್ಲಿನಲ್ಲಿ ಹಳೆಯ ಗೋಡೆಗಳಿಂದ ಬಿಚ್ಚಿದ ಟೈಲುಗಳ ಹಿಂದೆ ಇಂದಿಗೂ ಆ ಗುರುತುಗಳು ಸ್ಪಷ್ಟವಾಗಿ ಕಾಣುತ್ತವೆ. ಅವುಗಳ ಸಹಾಯದಿಂದಲೇ ಚದರಿದ ಚಿತ್ರಗಳನ್ನು ಮತ್ತೆ ಹೊಂದಿಸುತ್ತಾರೆ. ಅಷ್ಟಿದ್ದರೂ ಗಾರೆಯವರ ಕೈಗೆ ಕೊಡುವ ಮುನ್ನ ಇಡೀ ಚಿತ್ರವನ್ನು ನೆಲದ ಮೇಲೆ ಒಮ್ಮೆ ಜೋಡಿಸಿ ತೋರಿಸಬೇಕು. ಕೂರಿಸುವ ದಿನ ಚಿತ್ರಕಾರರು ಜೊತೆಯಲ್ಲಿದ್ದರೆ ಇನ್ನೂ ಲೇಸು. ಗೋಡೆಯೊಳಗೆ ನೀರಿನ ಪಸೆಯಿದ್ದರೆ ಅದನ್ನು ಮೊದಲು ನಿಲ್ಲಿಸಬೇಕು. ಮೆರುಗು ನೀರನ್ನು ಮುಂದಿನಿಂದ ತಡೆಯುತ್ತದೆ. ಹಿಂದಿನಿಂದ ಗೋಡೆಯೊಳಗೆ ಏರಿಬರುವ ತೇವವು ತನ್ನೊಡನೆ ತರುವ ಉಪ್ಪು ಮೆರುಗಿನ ಕೆಳಗೆ ಹರಳುಗಟ್ಟಿ, ವರ್ಷಗಳು ಕಳೆದಂತೆ ಅದನ್ನು ಹಕ್ಕಳೆಯಾಗಿ ಎಬ್ಬಿಸುತ್ತದೆ. ಮಲೆನಾಡಿನ ಮತ್ತು ಕರಾವಳಿಯ ಮನೆಗಳವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ನಾಲ್ಕೆಂಟು ಟೈಲುಗಳನ್ನು ಹೆಚ್ಚಾಗಿ ಬೇಯಿಸಿಟ್ಟುಕೊಂಡು, ಮೂಲ ಕಾಗದದ ಚಿತ್ರವನ್ನು ಮನೆಯ ಪತ್ರಗಳ ಜೊತೆಯಲ್ಲಿ ಕಾಪಾಡಿದರೆ ಮುಂದೆಂದಾದರೂ ಒಡೆದುದನ್ನು ಸರಿಪಡಿಸಬಹುದು. ಚಿತ್ರದ ಮೂಲೆಯಲ್ಲಿ ಬರೆದವರ ಹೆಸರೂ ವರ್ಷವೂ ಇರಲಿ. ನಮ್ಮಲ್ಲಿ ಕುಶಲಕರ್ಮಿಗಳ ಹೆಸರು ಅಳಿಸಿಹೋದದ್ದು ಸಾಕು.

ನೀಲಿಬಿಳುಪಿನ ಪೋರ್ಚುಗೀಸ್ ಮಾದರಿಯನ್ನು ಇಷ್ಟು ಹೊಗಳಿದ ಮೇಲೆ ನಮ್ಮ ಮನೆಗಳೂ ನೀಲಿಯಾಗಬೇಕೆಂದು ನಾನು ಹೇಳುತ್ತಿಲ್ಲ. ಹಸೆ ಚಿತ್ತಾರದ ವರ್ಣಗಳನ್ನು ನೋಡಿ: ನೆಲಕ್ಕೆ ಕೆಮ್ಮಣ್ಣು, ರೇಖೆಗೆ ಅಕ್ಕಿಯ ಹಿಟ್ಟಿನ ಬಿಳುಪು, ಹುರಿದು ಕರಿಕು ಮಾಡಿದ ಅಕ್ಕಿಯ ಕಪ್ಪು, ಕಾಡಿನ ಬೀಜದ ಹಳದಿ. ಅಕ್ಕಿಯೂ ಬೀಜವೂ ಆವಿಗೆಯಲ್ಲಿ ಉರಿದುಹೋಗುತ್ತವೆಂಬುದು ನಿಜ. ಆದರೆ ಕರಾವಳಿಯ ಜೇಡಿಮಣ್ಣು ಬೆಂದಾಗ ತಾನಾಗಿಯೇ ಕೆಂಪಾಗುತ್ತದೆ. ಅದರ ಮೇಲೆ ಬಿಳಿಯ ಜೇಡಿಯ ತಿಳಿಯಿಂದ ಬಿಳಿಗೆರೆಗಳನ್ನು ಎಳೆಯಬಹುದು. ಕಬ್ಬಿಣ ಮ್ಯಾಂಗನೀಸುಗಳ ಭಸ್ಮದಿಂದ ಕಪ್ಪೂ ಆಂಟಿಮನಿಯಿಂದ ಹಳದಿಯೂ ದೊರೆಯುತ್ತವೆ. ಮೇಲೆ ತೆಳುವಾದ ತಿಳಿಮೆರುಗನ್ನು ಹೊದಿಸಿದರೆ, ಮದುವೆ ಮುಗಿದ ಕೆಲವು ಮಳೆಗಾಲಗಳಲ್ಲಿ ಮಾಸಿಹೋಗುವ ಆ ಚಿತ್ತಾರವು ಮೊಮ್ಮಕ್ಕಳ ಮದುವೆಗೂ ಗೋಡೆಯ ಮೇಲಿರುತ್ತದೆ. ಪುಂಡಿಯ ನಾರಿನ ಕುಂಚಕ್ಕೆ ಒಗ್ಗಿದ ಕೈ ಟೈಲಿನ ಮೇಲೆ ಓಡುವುದನ್ನು ಕಲಿಯಲು ಬಹಳ ಕಾಲ ಹಿಡಿಯಲಾರದು, ಏಕೆಂದರೆ ತಿದ್ದದೆ ಬರೆಯುವ ಶಿಕ್ಷಣ ಆ ಹೆಣ್ಣುಮಕ್ಕಳಿಗೆ ತಾಯಂದಿರಿಂದಲೇ ಆಗಿದೆ. ಸಾಗರ, ಸೊರಬಗಳ ಕಡೆ ಹೊಸದಾಗಿ ಮನೆ ಕಟ್ಟಿಸುತ್ತಿರುವವರು ಗಾರೆ ಕೆಲಸ ಮುಗಿಯುವ ಮುನ್ನವೇ ಅಂತಹ ಒಬ್ಬ ಚಿತ್ತಾರಗಿತ್ತಿಯನ್ನೂ ಮಣ್ಣು ಬೇಯಿಸಬಲ್ಲ ಒಬ್ಬ ಕುಶಲಿಯನ್ನೂ ಕರೆಸಿ, ಜಗಲಿಯ ಒಂದು ಗೋಡೆಯನ್ನು ತೋರಿಸಿ, ಇಬ್ಬರಿಗೂ ಕೆಲಸಕ್ಕೆ ತಕ್ಕ ಸಂಭಾವನೆಯನ್ನು ಗೊತ್ತುಮಾಡಲಿ.